ಬೈಕುಲ್ಲಾದಿಂದ ಕಸ ಹೋಗುವ ದಾರಿ

ಊರಿಗೆ ಮರಳಿ ಒಂದು ಮಳೆಗಾಲ ಕಳೆಯಿತು. ಆದರೂ ಮುಂಬೈಯ ಬೈಕುಲ್ಲಾ ನನ್ನನ್ನು ಬಿಟ್ಟಿಲ್ಲ. ಬೆಳಿಗ್ಗೆ ಮನೆಯೆದುರು ಕಸದ ಗಾಡಿ ಬಂದು ನಿಂತರೆ ನನ್ನ ಕಣ್ಣು ಮೊದಲು ಹೋಗುವುದು ಅದರ ಹಿಂದೆ ನಿಂತವರ ಕೈಗಳಿಗೆ. ಗ್ಲೌಸ್ ಇದೆಯೇ? ಇದ್ದರೆ ಬಟ್ಟೆಯದೋ, ರಬ್ಬರಿನದೋ? ಬೆರಳ ತುದಿ ಹರಿದಿದೆಯೇ? ಕಾಲಲ್ಲಿರುವುದು ಬೂಟೋ, ಹವಾಯಿ ಚಪ್ಪಲಿಯೋ? ಈ ನೋಟವನ್ನು ನನಗೆ ಕಲಿಸಿದ್ದು ಬೈಕುಲ್ಲಾದಲ್ಲಿ ಸಿಕ್ಕ ಇಬ್ಬರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಬ್ಬನ ಕೆಲಸ ಇನ್ನೂ ಕಾಯಂ ಆಗಿಲ್ಲ.

ನಾನು ಹೋದದ್ದು ಅಕ್ಕನನ್ನು ನೋಡಲು. ಮತ್ಸ್ಯಗಂಧ ರೈಲು ಬೆಳಗಿನ ಹೊತ್ತಿಗೆ ಕುರ್ಲಾ ಟರ್ಮಿನಸ್ ಮುಟ್ಟಿತು. ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಭಾವ ಕರೆದೊಯ್ಯಲು ಬಂದಿದ್ದರು. ಹೊರಗೆ ಬಂದರೆ ಹತ್ತಿರದಲ್ಲೇ ತಿಲಕನಗರ ಸ್ಟೇಷನ್. ಹಾರ್ಬರ್ ಲೈನಿನ ಲೋಕಲ್‌ಗಳು ಜನರನ್ನು ತುಂಬಿಕೊಂಡು ಚೆಂಬೂರಿನತ್ತ ಓಡುತ್ತಿದ್ದವು. "ಈ ಹಳಿ ಹಾಕಿದ್ದು ಮನುಷ್ಯರಿಗಲ್ಲ ಮಾರಾಯಾ, ಕಸಕ್ಕೆ" ಎಂದರು ಭಾವ. 1896ರಲ್ಲಿ ಮುಂಬೈಯ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಊರಿನ ಕಸವನ್ನು ಊರಿಂದಾಚೆ ಒಯ್ಯಬೇಕೆಂಬ ಅವಸರ ಪಾಲಿಕೆಗೆ ಹತ್ತಿತು. ದೇವನಾರದಲ್ಲಿ ಎಂಟುನೂರು ಎಕರೆಗೂ ಹೆಚ್ಚು ಜೌಗು ನೆಲ ಕೊಂಡು 1899ರಿಂದ ಅಲ್ಲಿ ಕಸ ಸುರಿಯತೊಡಗಿದರು. 1906ರಲ್ಲಿ ಕುರ್ಲಾದಿಂದ ಚೆಂಬೂರಿಗೆ ಕಸದ ರೈಲಿಗೆಂದೇ ಹಳಿ ಬಂತು. ಜನ ಅದರಲ್ಲಿ ಕೂತದ್ದು 1924ರಲ್ಲಿ.

ನೂರು ವರ್ಷಗಳ ಹಿಂದೆ ಆ ವ್ಯಾಗನ್ನುಗಳಿಗೆ ಕಸ ತುಂಬಿದವರು, ಆ ತುದಿಯಲ್ಲಿ ಗೋರಿ ಇಳಿಸಿದವರು ಯಾರು ಎಂದು ಭಾವನನ್ನು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಹಳಿಯ ಇಸವಿ ದಾಖಲೆಯಲ್ಲಿ ಉಳಿಯಿತು, ತುಂಬಿದವರ ಹೆಸರು ಉಳಿಯಲಿಲ್ಲ.

ಬೈಕುಲ್ಲಾ ಸ್ಟೇಷನ್ ಈಗ ಚಂದವಾಗಿದೆ. 1853ರಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲು ಹಾದುಹೋದ ದಾರಿಯದು. ಹಳೆಯ ಕಟ್ಟಡವನ್ನು ಅಕ್ಕರೆಯಿಂದ ದುರಸ್ತಿ ಮಾಡಿದ್ದಾರೆ; 2022ರಲ್ಲಿ ಅದಕ್ಕೆ ಯುನೆಸ್ಕೋದ ಏಷ್ಯಾ ಪೆಸಿಫಿಕ್ ಪ್ರಶಸ್ತಿಯೂ ಬಂತು. ಅಲ್ಲಿಂದ ಕಾಲ್ನಡಿಗೆಯಲ್ಲಿ ಅಕ್ಕನ ಮನೆ. ಭಾವುಚಾ ಧಕ್ಕೆಯಿಂದ ತಂದ ಬಂಗುಡೆಯ ಪುಳಿಮುಂಚಿ, ನೀರುದೋಸೆ. ಊಟಕ್ಕೆ ಮೊದಲು ಅಕ್ಕ ಸೆರಗು ಸರಿಸಿ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಂಡಳು. ಸೂಜಿಯನ್ನು ಅಡುಗೆಮನೆಯ ಮೂಲೆಯ ಬುಟ್ಟಿಗೆ ಹಾಕಿದಳು. ಮೀನಿನ ಮುಳ್ಳು, ಬಾಳೆಹಣ್ಣಿನ ಸಿಪ್ಪೆ, ಹಾಲಿನ ತೊಟ್ಟೆ, ಅದರ ಮೇಲೆ ಸೂಜಿ.

ಮರುದಿನ ಬೆಳಿಗ್ಗೆ ಕೆಳಗಿಳಿದಾಗ ಗಲ್ಲಿಯಲ್ಲಿ ಪೊರಕೆಯ ಸದ್ದು. ನಡುವಯಸ್ಸಿನ ಹೆಂಗಸು, ಸೀರೆಯ ಮೇಲೆ ಪಾಲಿಕೆಯ ಜಾಕೆಟ್. ಇನ್ನೊಬ್ಬಳ ಜೊತೆ ಮರಾಠಿಯಲ್ಲಿ ಮಾತಾಡುತ್ತಿದ್ದವಳು ಮೊಬೈಲ್ ಬಂದಾಗ ಕನ್ನಡಕ್ಕೆ ಹೊರಳಿದಳು. ನಾನು ನಿಂತೆ.

"ಯಾವೂರಮ್ಮಾ ನಿಮ್ಮದು?"

"ಅಕ್ಕಲಕೋಟ ಕಡೇರಿ. ನೀವು ಬೆಂಗಳೂರಾ?"

ಮಂಗಳೂರು ಎಂದೆ. ಸೊಲ್ಲಾಪುರ ಜಿಲ್ಲೆಯ ಆ ಗಡಿನಾಡಿನಲ್ಲಿ ಹಲವರಿಗೆ ಮನೆಮಾತು ಕನ್ನಡ, ಶಾಲೆ ಮರಾಠಿ. ಅವಳ ಮಾವ ಎಪ್ಪತ್ತೆರಡರ ಬರಗಾಲದಲ್ಲಿ ಮುಂಬೈಗೆ ಬಂದವನು. "ಮೊದಲ ಮಾವ ಮಾಡಿದ್ರು, ಆಮ್ಯಾಲ ನನ ಗಂಡ. ಅವರು ಹ್ವಾದ ಮ್ಯಾಲ ಈ ಕೆಲಸ ನನಗ ಬಂತು." ಗಂಡನಿಗೆ ಏನಾಗಿತ್ತೆಂದು ಕೇಳಿದೆ. "ಕೆಮ್ಮರೀ. ಮೊದಲ ಟೀಬಿ ಅಂದ್ರು, ಗುಳಿಗಿ ಕೊಟ್ರು. ಬರೇ ಕೆಮ್ಮೇ. ನಲವತ್ತೈದೂ ತುಂಬಿರಲಿಲ್ಲ."

ಲಾಡ್-ಪಾಗೆ ಸಮಿತಿಯ ಶಿಫಾರಸಿನ ಮೇಲೆ ಮಹಾರಾಷ್ಟ್ರದಲ್ಲಿ ಸಫಾಯಿ ಕಾಮಗಾರರ ವಾರಸುದಾರರಿಗೆ ನೌಕರಿ ಸಿಗುತ್ತದೆ. ಕುಟುಂಬ ಬೀದಿಗೆ ಬೀಳದಂತೆ ಕಾಪಾಡುವ ಒಳ್ಳೆಯ ಏರ್ಪಾಡು, ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಗಂಡನ ಎದೆಯನ್ನು ತಿಂದ ಧೂಳನ್ನೇ ಹೆಂಡತಿ ಗುಡಿಸಬೇಕು. ಕೂಲಿಯ ಜೊತೆಗೆ ಕಾಯಿಲೆಯೂ ಆಸ್ತಿಯಂತೆ ಮನೆಯೊಳಗೇ ಕೈ ಬದಲಿಸುತ್ತದೆ. ಮುಂಬೈಯ ಈ ಕಾಮಗಾರರ ಬದುಕನ್ನು ವರ್ಷಗಟ್ಟಲೆ ಹಿಂಬಾಲಿಸಿ ಚಿತ್ರ ತೆಗೆದ ಸುಧಾರಕ ಓಲ್ವೆಯವರ ಕಪ್ಪು-ಬಿಳುಪಿನ ಫೋಟೊಗಳನ್ನು ಹಿಂದೆ ಕಂಡಿದ್ದೆ. ಅವುಗಳೊಳಗಿನ ಒಬ್ಬಳು ಹೊರಗೆ ಬಂದು ನನ್ನ ಮುಂದೆ ನಿಂತಂತೆ ಆ ಬೆಳಗು ಅನಿಸಿತು.

ಅಷ್ಟರಲ್ಲಿ ಕಾಂಪ್ಯಾಕ್ಟರ್ ಗಾಡಿ ಬಂತು. ಹಿಂಬದಿಯ ಮೆಟ್ಟಿಲ ಮೇಲೆ ಜೋತುಬಿದ್ದಿದ್ದ ಹುಡುಗನನ್ನು ಅವಳು "ನಮ್ಮ ತಂಗೀ ಮಗರೀ" ಎಂದಳು. ಅವನು ಮೋಟರ್ ಲೋಡರ್, ಒಬ್ಬ ಕಾಂಟ್ರಾಕ್ಟರನ ಕೈಕೆಳಗೆ. ನೀಲಿ ಡ್ರಮ್ಮನ್ನು ಇಬ್ಬರು ಎತ್ತಿ ಹಾಪರಿಗೆ ಸುರಿದರು. ಲಿವರ್ ಎಳೆದೊಡನೆ ಕಬ್ಬಿಣದ ತಟ್ಟೆ ಕಸವನ್ನು ಒಳಕ್ಕೆ ಒತ್ತಿತು. ಒತ್ತುವಾಗ ಯಾವುದೋ ತೊಟ್ಟೆ ಒಡೆದು ಕಪ್ಪು ನೀರು ಚಿಮ್ಮಿತು. ಹುಡುಗ ಮುಖ ತಿರುಗಿಸಿದ ರೀತಿಯಲ್ಲಿ ಗಾಬರಿಯೇ ಇರಲಿಲ್ಲ. ದಿನಕ್ಕೆ ಎಷ್ಟೋ ಸಲ ತಿರುಗಿಸಿ ರೂಢಿಯಾದ ಕತ್ತು ಅದು.

"ಈ ಗಾಡಿ ಎಲ್ಲಿಗೆ ಹೋಗ್ತದೆ?"

"ಮಹಾಲಕ್ಷ್ಮಿ ಟ್ರಾನ್ಸ್‌ಫರ್ ಸ್ಟೇಷನ್‌ಗೆ. ನಡ್ಕೋತ ಬರ‍್ರಿ ಸರ, ದೂರಿಲ್ಲ."

ನಾನು ನಡೆದೆ. ಮೇಲ್ಸೇತುವೆಗಳ ನಡುವೆ ಸಿಕ್ಕಿಕೊಂಡಂತೆ ನಿಂತ ಖಡಾ ಪಾರ್ಸಿ ಪ್ರತಿಮೆಯ ಎತ್ತರದ ಕಂಬ, ಇರಾನಿ ಹೋಟೆಲಿನ ಬ್ರುನ್ ಪಾವ್ ಮತ್ತು ಚಹಾ, ಆಗ್ರೀಪಾಡಾದ ಬಿಐಟಿ ಚಾಳುಗಳು. ಪ್ಲೇಗಿನ ಬಳಿಕ 1898ರಲ್ಲಿ ಹುಟ್ಟಿದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟು ಕಟ್ಟಿಸಿದ ಚಾಳುಗಳು ಅವು. ಬೈಕುಲ್ಲಾದ ಮಣ್ಣಿನಲ್ಲಿ ಪ್ಲೇಗ್ ಎಲ್ಲೆಲ್ಲೂ ಇದೆ. ವಿಜ್ಞಾನಿ ಹಾಫ್‌ಕಿನ್ ಪ್ಲೇಗಿನ ಲಸಿಕೆ ಕಂಡುಹಿಡಿದದ್ದು ಇಲ್ಲಿನ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ. 1897ರ ಜನವರಿ 10ರಂದು ತನ್ನ ಮೈಗೇ ಚುಚ್ಚಿಕೊಂಡು, ಅದೇ ತಿಂಗಳು ಬೈಕುಲ್ಲಾ ಜೈಲಿನಲ್ಲಿ ಮುಂದೆ ಬಂದ ಕೈದಿಗಳಿಗೆ ಕೊಟ್ಟ. ವಿಜ್ಞಾನಿ ಮೊದಲು ತನ್ನ ದೇಹವನ್ನು ಒಡ್ಡಿದ್ದು ಇಂದಿಗೂ ಗೌರವದ ಸಂಗತಿ. ಆಮೇಲಿನ ನೂರಿಪ್ಪತ್ತೈದು ವರ್ಷಗಳಲ್ಲಿ ನಗರದ ಆರೋಗ್ಯಕ್ಕಾಗಿ ದಿನಾ ದೇಹ ಒಡ್ಡಿದವರು ಬೇರೆ. ಅವರಲ್ಲಿ ಎಷ್ಟು ಜನರಿಗೆ ಹೆಪಟೈಟಿಸ್-ಬಿ ಲಸಿಕೆಯ ಮೂರು ಡೋಸುಗಳು ಸಿಕ್ಕಿವೆ? ದಾರಿಯುದ್ದಕ್ಕೂ ಈ ಪ್ರಶ್ನೆ ನನ್ನ ಜೊತೆ ನಡೆಯಿತು.

ಸಾತ್ ರಸ್ತಾ ವೃತ್ತಕ್ಕೆ ಈಗ ಸಂತ ಗಾಡಗೆ ಮಹಾರಾಜರ ಹೆಸರು. ಅಗಸರ ಕುಲದಲ್ಲಿ ಹುಟ್ಟಿ, ಕೈಯಲ್ಲಿ ಪೊರಕೆ ಹಿಡಿದು ಹಳ್ಳಿ ಹಳ್ಳಿ ಗುಡಿಸಿ, ರಾತ್ರಿ ಕೀರ್ತನೆ ಮಾಡಿದ ಬಾಬಾ. 1956ರ ಡಿಸೆಂಬರಿನಲ್ಲಿ ಅಂಬೇಡ್ಕರರು ತೀರಿಕೊಂಡ ಎರಡು ವಾರಕ್ಕೆ ಅವರೂ ಹೋದರು. ಆಚೆಗೆ ಮಹಾಲಕ್ಷ್ಮಿಯ ಧೋಬಿ ಘಾಟ್. ವಿದೇಶಿಯರು ಸೇತುವೆಯ ಮೇಲಿಂದ ಬಿಳಿ ಬಟ್ಟೆಗಳ ಸಾಲಿನ ಫೋಟೊ ತೆಗೆಯುತ್ತಿದ್ದರು. ಅದೇ ಆಸುಪಾಸಿನಲ್ಲಿ ಊರಿನ ಕಸ ಗಾಡಿ ಬದಲಿಸುವ ಜಾಗವನ್ನು ನೋಡಲು ನಿಂತವನು ನಾನೊಬ್ಬನೇ.

ಮುಂಬೈ ದಿನಕ್ಕೆ ಸುಮಾರು 6,500 ಟನ್ ಕಸ ಹೊರಹಾಕುತ್ತದೆ. ಅದರ ಬಹುಪಾಲು ಈಗ ಕಾಂಜೂರ್‌ಮಾರ್ಗಕ್ಕೆ, ಉಳಿದದ್ದು ದೇವನಾರಕ್ಕೆ ಹೋಗುತ್ತದೆ. ಗಲ್ಲಿಯ ಸಣ್ಣ ಗಾಡಿಗಳು ಅಷ್ಟು ದೂರ ಓಡಿದರೆ ಇಡೀ ದಿನ ರಸ್ತೆಯಲ್ಲೇ ಕಳೆದೀತು. ಆದ್ದರಿಂದ ನಡುವೆ ಈ ನಿಲ್ದಾಣ: ಗಾಡಿ ಬರುತ್ತದೆ, ತೂಕದ ಕಟ್ಟೆಯ ಮೇಲೆ ನಿಲ್ಲುತ್ತದೆ, ಹಿಂದಕ್ಕೆ ಸರಿದು ಸುರಿಯುತ್ತದೆ, ದೊಡ್ಡ ಲಾರಿ ಒತ್ತಿಸಿಕೊಂಡು ಒಯ್ಯುತ್ತದೆ. ನಾನು ಒಳಗೆ ಹೋಗಲಿಲ್ಲ. ಗೇಟಿನ ಹೊರಗೆ ನಿಂತು ಕಂಡದ್ದು ಸಾಲುಗಟ್ಟಿದ ಗಾಡಿಗಳು, ಮೇಲೆ ಹದ್ದುಗಳು. ಒಳಗಿನ ಕೆಲಸವನ್ನು ಹೇಳಿದ್ದು ಪಾಳಿ ಮುಗಿಸಿ ಬಂದ ಆ ಹುಡುಗ, ರಸ್ತೆಬದಿಯ ಚಹಾದ ಅಂಗಡಿಯ ಮುಂದೆ ಕೂತು, ಇಂಥ ಹಲವು ಕಡೆ ದುಡಿದ ಅನುಭವದಿಂದ.

"ನಾತಕ್ಕ ಹೆದರೂದಿಲ್ಲರೀ. ಹೆದರಿಕಿ ರಿವರ್ಸ್ ಗಾಡೀದು."

ನನಗೆ ಇದು ಹೊಸದು. ಕಸವೆಂದರೆ ದುರ್ವಾಸನೆ, ರೋಗ ಎಂದಷ್ಟೇ ಅಂದುಕೊಂಡಿದ್ದೆ. ವರ್ಗಾವಣೆಯ ಅಂಗಳದಲ್ಲಿ ಜೀವಕ್ಕೆ ಮೊದಲ ಅಪಾಯ ಹಿಂದಕ್ಕೆ ಬರುವ ಚಕ್ರದಿಂದ. ನೆಲ ರಾಡಿ, ಸದ್ದು ಜೋರು, ಚಾಲಕನಿಗೆ ಹಿಂಬದಿ ಕಾಣದು. ಗಾಡಿಗೂ ಕಸದ ಗುಡ್ಡೆಗೂ ನಡುವೆ ಯಾರೂ ನಿಲ್ಲಬಾರದು. ಸೀಟಿ ಊದಿ ಗಾಡಿಯನ್ನು ಹಿಂದಕ್ಕೆ ಕರೆಯುವವನು ಒಬ್ಬನೇ ಇರಬೇಕು, ಅವನು ಚಾಲಕನ ಕನ್ನಡಿಯಲ್ಲಿ ಕಾಣುವಲ್ಲೇ ಇರಬೇಕು. ನಡೆಯುವವರ ದಾರಿ ಬಣ್ಣ ಬಳಿದು ಬೇರೆಯಾಗಿರಬೇಕು, ಚಕ್ರ ತಡೆಯುವ ಕಟ್ಟೆ ಇರಬೇಕು. ಒತ್ತುಯಂತ್ರದಲ್ಲಿ ಏನಾದರೂ ಸಿಕ್ಕಿಕೊಂಡರೆ ಅದನ್ನು ನಿಲ್ಲಿಸಿ, ಕೀಲಿ ತೆಗೆದು, ಒಳಗೆ ಕೈ ಹಾಕುವವನ ಜೇಬಿನಲ್ಲೇ ಆ ಕೀಲಿ ಇರಬೇಕು. ಇವು ಯಾವುವೂ ದುಬಾರಿಯಲ್ಲ. ಶಿಸ್ತು ಬೇಕು, ಸುಣ್ಣ-ಬಣ್ಣ ಬೇಕು, ಇನ್ನೊಬ್ಬ ಆಳು ಬೇಕು. ಆ ಇನ್ನೊಬ್ಬ ಆಳನ್ನೇ ಗುತ್ತಿಗೆಯ ಲೆಕ್ಕ ಮೊದಲು ಕಡಿಯುತ್ತದೆ.

ವಾಸನೆಯ ವಿಷಯವೂ ಅವನು ಹೇಳಿದಷ್ಟು ಹಗುರಲ್ಲ. ಕೊಳೆತ ಕಸದಿಂದ ಹೊರಡುವ ಹೈಡ್ರೋಜನ್ ಸಲ್ಫೈಡ್ ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ನಿಂತಿತೆಂದು ಒಳಗಿಳಿದವನು ಮೇಲೆ ಬರುವುದಿಲ್ಲ. ಆದ್ದರಿಂದ ಕಸದ ನೀರು ಸೇರುವ ಗುಂಡಿಗೆ ಗಾಳಿ ಪರೀಕ್ಷಿಸದೆ ಯಾರನ್ನೂ ಇಳಿಸಬಾರದು. ಮಳೆಗಾಲದಲ್ಲಿ ಇಲಿಯ ಮೂತ್ರ ಬೆರೆತ ನೀರು ಒಡೆದ ಹಿಮ್ಮಡಿಯಿಂದ ಮೈಸೇರಿ ಲೆಪ್ಟೊಸ್ಪೈರೋಸಿಸ್ ತರುತ್ತದೆ. 2005ರ ಜುಲೈ 26ರಂದು ಒಂದೇ ದಿನ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದು ಊರು ಮುಳುಗಿದ ಬಳಿಕ ಮುಂಬೈಯ ಮಂದಿಯೆಲ್ಲ ಆ ಹೆಸರನ್ನು ಕಲಿತರು. ಕಸದವರು ಪ್ರತಿ ಆಷಾಢದಲ್ಲೂ ಆ ನೀರಿನಲ್ಲೇ ನಿಂತಿರುತ್ತಾರೆ.

"ಗ್ಲೌಸ್ ಕೊಡೋದಿಲ್ಲವಾ?" ಎಂದೆ.

"ಕೊಟ್ಟಿದ್ರರೀ. ಹಾಕ್ಕೊಂಡ್ರ ಒಳಗ ಬೆವರು ತುಂಬತದ, ಡ್ರಮ್ ಜಾರತದ. ಬೂಟಿನಾಗ ನೀರ ಹೊಕ್ರ ಕಾಲ ಕೊಳೀತದ. ಸೈಜ್ ಕೇಳಿದ್ರ, ಇದ್ದದ್ದ ತಗೋ ಅಂತಾರ. ಮತ್ತ ಹೇಳ್ತಾರ, ಇವರು ಹಾಕ್ಕೊಳ್ಳೂದಿಲ್ಲ ಅಂತ."

ಅವನು ಅಂಗೈ ತೋರಿಸಿದ. ಹೆಬ್ಬೆರಳ ಬುಡದಲ್ಲಿ ಸಣ್ಣ ಕಲೆ. ಸೂಜಿ ಚುಚ್ಚಿದ್ದು, ಹಿಂದೆ ದುಡಿದ ಕಡೆ. ಅಂದು ಅವನು ಯಾರಿಗೂ ಹೇಳಲಿಲ್ಲ. ಚುಚ್ಚಿದ ಕೂಡಲೇ ಸಾಬೂನು ನೀರಿನಲ್ಲಿ ತೊಳೆದು, ಎಪ್ಪತ್ತೆರಡು ಗಂಟೆಯೊಳಗೆ ಆಸ್ಪತ್ರೆಗೆ ಹೋದರೆ ಎಚ್‌ಐವಿ ತಡೆಯುವ ಔಷಧ ಶುರುಮಾಡಬಹುದು ಎಂಬುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೋಗುತ್ತಿದ್ದನೇ? "ರಜಾ ಕೇಳಿದ್ರ ನಾಳೆ ಬರಬ್ಯಾಡ ಅಂತಾರ. ಪಗಾರ ಕಟ್. ದವಾಖಾನಿಗ್ಯಾರ ಹೋಗ್ತಾರ್ರೀ?"

ಈ ಪ್ರವಾಸ ನನ್ನ ಮನಸ್ಸನ್ನು ತಿರುಗಿಸಿದ್ದು ಆ ಮಾತಿನಲ್ಲಿ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸಮವಸ್ತ್ರ, ಹೊಳೆಯುವ ಜಾಕೆಟ್, ಕೈಗವಸು, ಮಳೆಯಂಗಿ, ತಕ್ಕ ಪಾದರಕ್ಷೆ, ಮಾಸ್ಕ್ ಎಲ್ಲವನ್ನೂ ಕಸ ಮುಟ್ಟುವ ಪ್ರತಿಯೊಬ್ಬರಿಗೂ ಕೊಡಬೇಕೆಂದು ಸ್ಥಳೀಯ ಸಂಸ್ಥೆಗಳಿಗೆ ವಿಧಿಸಿದವು. ಬೇಕಾದದ್ದೇ. ಆದರೆ ಗಾಯವಾಯಿತೆಂದು ಬಾಯಿಬಿಟ್ಟರೆ ನಾಳೆಯ ಕೂಲಿ ಹೋಗುವುದಾದರೆ ಯಾವ ಗ್ಲೌಸೂ ಅವನನ್ನು ಕಾಯದು. ಸುರಕ್ಷತೆಯ ಮೊದಲ ಸಾಧನ ಹಾಜರಿ ಪುಸ್ತಕದಲ್ಲಿ ಅವನ ಹೆಸರು.

ಮುಂಬೈಯಲ್ಲಿ ಈ ಹೆಸರಿಗಾಗಿ ದೊಡ್ಡ ಹೋರಾಟ ನಡೆದಿದೆ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಇಪ್ಪತ್ತು ಮತ್ತು ಹೆಚ್ಚು ಕೆಲಸಗಾರರಿರುವ ಕಡೆ ಅನ್ವಯವಾಗುತ್ತಿತ್ತು. ಅದನ್ನು ತಪ್ಪಿಸಲು ಕಸದ ಗುತ್ತಿಗೆಯನ್ನು ಇಪ್ಪತ್ತಕ್ಕಿಂತ ಕಡಿಮೆ ಆಳುಗಳ ತುಂಡುಗಳಾಗಿ ಒಡೆಯಲಾಯಿತು. ಮಿಲಿಂದ್ ರಾನಡೆ ಮತ್ತು ಸಂಗಡಿಗರ ಕಚರಾ ವಾಹತೂಕ್ ಶ್ರಮಿಕ್ ಸಂಘ ಇದನ್ನು ಕಾರ್ಮಿಕ ನ್ಯಾಯಾಲಯದಿಂದ ಮೇಲಿನವರೆಗೂ ಒಯ್ದಿತು. 2017ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ 2,700 ಗುತ್ತಿಗೆ ಕಾಮಗಾರರನ್ನು ಕಾಯಂ ಮಾಡಬೇಕೆಂದು ಆದೇಶಿಸಿತು. ನನ್ನೆದುರು ಕೂತ ಹುಡುಗ ಆ 2,700ರಲ್ಲಿ ಇಲ್ಲ. ಅವನು ಬಂದದ್ದು ಆಮೇಲೆ, ಇನ್ನೊಂದು ಗುತ್ತಿಗೆಯಲ್ಲಿ.

ಅಷ್ಟರಲ್ಲಿ ದೊಡ್ಡಮ್ಮ ಕೊಟ್ಟ ಡಬ್ಬಿ ಬಿಚ್ಚಿದ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹಸಿ ಈರುಳ್ಳಿ. ಸೊಲ್ಲಾಪುರದ ಕಡೆಯ ಖಾರ. ನನಗೂ ಒಂದು ತುಂಡು ಕೊಟ್ಟ. ತಾನು ರೊಟ್ಟಿಯನ್ನು ಕಾಗದದಲ್ಲಿ ಹಿಡಿದು ತಿಂದ, ಬೆರಳು ತಾಗದಂತೆ. ಚಹಾದಂಗಡಿಯವನು ಬಾಟಲಿಯಿಂದ ಒಂದಿಷ್ಟು ನೀರು ಹನಿಸಿದ್ದ, ಸಾಬೂನು ಇರಲಿಲ್ಲ. "ಗ್ಲೌಸ್ ಆಮ್ಯಾಲರೀ. ಮೊದಲ ಕೈ ತೊಳ್ಯಾಕ ನೀರ ಕೊಡ್ರಿ" ಎಂದ. ತಿಂದಾದ ಮೇಲೆ ತಂಬಾಕು ತಿಕ್ಕಿ ಬಾಯಿಗಿಟ್ಟ. ನಾತ ತಡೆಯಲು ಶುರುವಾದ ಚಟ. ಲೋವರ್ ಪರೇಲ್ ದಾಟಿದರೆ ಪರೇಲ್, ಅಲ್ಲಿ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ. ಆ ಚಟಕ್ಕೂ ಈ ಆಸ್ಪತ್ರೆಗೂ ನಡುವಿನ ದೂರ ತೀರಾ ಕಡಿಮೆ.

ಸಂಜೆ ಅಕ್ಕನ ಮನೆಯಲ್ಲಿ ಹುಡುಗನ ಅಂಗೈಯ ಮಾತು ಹೇಳಿದೆ. ಅಕ್ಕ ಏನೂ ಅನ್ನಲಿಲ್ಲ. ರಾತ್ರಿ ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಂಡವಳು ಸೂಜಿಯನ್ನು ಫಿನಾಯಿಲ್ಲಿನ ಖಾಲಿ ಬಾಟಲಿಗೆ ಹಾಕಿ ಮುಚ್ಚಳ ತಿರುಗಿಸಿದಳು. "ಇದು ತುಂಬಿದರೆ ಎಲ್ಲಿ ಕೊಡಬೇಕು, ಕೇಳಿ ಬನ್ನಿ" ಎಂದು ಭಾವನಿಗೆ ಹೇಳಿದಳು. ಭಾವ ಮಾರನೆಯ ದಿನವೇ ಕೇಳಲು ಹೋದರು.

ಊರಿಗೆ ಬಂದು ಪಚ್ಚನಾಡಿಯ ಕಡೆ ಹೋದೆ. 2019ರ ಆಗಸ್ಟಿನ ಮಳೆಗೆ ಮಂಗಳೂರಿನ ಕಸದ ಗುಡ್ಡ ಜಾರಿ ಮಂದಾರದ ಅಡಿಕೆ ತೋಟಗಳನ್ನು, ಮನೆಗಳನ್ನು ಮುಚ್ಚಿದ್ದು ನಮ್ಮ ಜಿಲ್ಲೆಯ ಯಾರೂ ಮರೆತಿಲ್ಲ. ಅಂದು ತೋಟದ ಮಾತು ಎಲ್ಲರೂ ಆಡಿದೆವು. ಆ ಗುಡ್ಡದ ಮೇಲೆ ದಿನಾ ಹತ್ತಿ ಕೆಲಸ ಮಾಡುವವರ ಮಾತು ಕಡಿಮೆ. ನಮ್ಮ ರಾಜ್ಯ ಈ ವಿಷಯದಲ್ಲಿ ಬರಿಗೈಯಲ್ಲಿಲ್ಲ. ತಲೆಯ ಮೇಲೆ ಮಲ ಹೊರುವುದನ್ನು ಎಪ್ಪತ್ತರ ದಶಕದಲ್ಲೇ ನಿಲ್ಲಿಸಲು ಹೊರಟ ಬಸವಲಿಂಗಪ್ಪನವರು ನಮ್ಮವರು. ಕೋಲಾರದ ಗಣಿಯೂರಿನಲ್ಲಿ ಹುಟ್ಟಿ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದ, 2016ರಲ್ಲಿ ಮ್ಯಾಗ್ಸೆಸೆ ಪಡೆದ ಬೆಜವಾಡ ವಿಲ್ಸನ್ ನಮ್ಮವರು. 2022ರಲ್ಲಿ ಪೌರಕಾರ್ಮಿಕರು ಮುಷ್ಕರ ಹೂಡಿದ ಮೇಲೆ 11,133 ಮಂದಿಯನ್ನು ಕಾಯಂ ಮಾಡಲು ಸಂಪುಟ ಒಪ್ಪಿತು. ಆದರೆ ಗಾಡಿ ಓಡಿಸುವವರು, ಗಾಡಿಗೆ ತುಂಬುವವರು, ವರ್ಗಾವಣೆಯ ಅಂಗಳದಲ್ಲಿ ನಿಲ್ಲುವವರು ಇನ್ನೂ ಬಹುಪಾಲು ಗುತ್ತಿಗೆಯಲ್ಲೇ ಇದ್ದಾರೆ. ಮುಂಬೈಯ ಹುಡುಗನ ಸ್ಥಿತಿಯೇ ನಮ್ಮಲ್ಲೂ.

ಇದನ್ನು ಓದುವ ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಮನೆಯಲ್ಲಿ ಇನ್ಸುಲಿನ್ ಸೂಜಿ, ಬ್ಲೇಡು ಇದ್ದರೆ ಗಟ್ಟಿ ಬಾಟಲಿಯಲ್ಲಿ ಹಾಕಿ ಮುಚ್ಚಿ, ಮೇಲೆ ಕೆಂಪು ಗುರುತು ಮಾಡಿ ಬೇರೆ ಕೊಡಿ. ಒಡೆದ ಗಾಜನ್ನು, ಟ್ಯೂಬ್‌ಲೈಟನ್ನು ರಟ್ಟಿನಲ್ಲಿ ಸುತ್ತಿ ಬೇರೆಯಾಗಿ ಕೈಗೆ ಕೊಟ್ಟು ತಿಳಿಸಿ. ಆಮೇಲೆ ನಿಮ್ಮ ವಾರ್ಡಿನ ಕಸ ಯಾವ ಅಂಗಳದಲ್ಲಿ ಗಾಡಿ ಬದಲಿಸುತ್ತದೆ ಎಂದು ವಿಚಾರಿಸಿ, ಒಮ್ಮೆ ಹೋಗಿ ನೋಡಿ. ಅಲ್ಲಿ ನಲ್ಲಿಯಲ್ಲಿ ನೀರು ಬರುತ್ತದೆಯೇ, ಸಾಬೂನು ಇದೆಯೇ, ಬಟ್ಟೆ ಬದಲಿಸಲು ಕೋಣೆ, ಹೆಂಗಸರಿಗೆ ಶೌಚಾಲಯ ಇದೆಯೇ, ಗಾಯವಾದವರಿಗೆ ಸಂಬಳ ಕಡಿಯದೆ ರಜೆ ಸಿಗುತ್ತದೆಯೇ ಎಂದು ಪಾಲಿಕೆಯಲ್ಲಿ ಕೇಳಿ. ಇಲ್ಲ ಎಂದರೆ ಬರೆದು ಕೊಡಿ, ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಿರಿ.